ವಂದನಾರ್ಪಣೆಯ ಬಾಳೆಲೆ

ಚೀಟಿ ನೋಡಿಕೊಂಡು ವಂದನೆ ಹೇಳಕೂಡದು ಎಂದು ಹೆಡ್‌ಮಾಸ್ಟರು ಕಟ್ಟುಮಾಡದೇ ಇದ್ದಿದ್ದರೆ ಚಕ್ರಪಾಣಿಗೆ ಆ ಭಾನುವಾರ ಬಾಳೆಲೆಯ ಸಹವಾಸವೇ ಬರುತ್ತಿರಲಿಲ್ಲ.

ಚಾಮರಾಜಪೇಟೆಯ ರಾತ್ರಿ ಶಾಲೆಯಲ್ಲಿ ಅವನು ಆರು ವರ್ಷದಿಂದ ಹಂಗಾಮಿ ಮೇಷ್ಟ್ರು. ಹಗಲೆಲ್ಲ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವುದು, ಸಂಜೆ ದೀಪ ಹಚ್ಚುವ ಹೊತ್ತಿಗೆ ಶಾಲೆಗೆ ಓಡಿ ಬಂದು ದೊಡ್ಡವರಿಗೆ ಅಕ್ಷರ ತಿದ್ದಿಸುವುದು. ತಾನೂ ಅದೇ ಶಾಲೆಯ ಅದೇ ಬೆಂಚಿನಲ್ಲಿ ಕೂತು ಕಲಿತವನಾದ್ದರಿಂದ, ಆ ಬೆಂಚು ಬಿಟ್ಟು ಕುರ್ಚಿಗೆ ಬಂದಿರುವುದು ಎಲ್ಲೋ ತಪ್ಪಿನಿಂದ ಆಗಿರಬೇಕು, ಇವತ್ತಲ್ಲ ನಾಳೆ ಯಾರಾದರೂ ಬಂದು ಎಬ್ಬಿಸುತ್ತಾರೆ ಎಂಬ ಅಳುಕು ಅವನಿಗೆ ಸದಾ ಇತ್ತು. ಖಾಯಂ ಆರ್ಡರು ಒಂದು ಕೈಗೆ ಸಿಕ್ಕಿದರೆ ಆ ಅಳುಕು ಹೋಗುತ್ತದೆಂದು ಅವನ ಹೆಂಡತಿ ಆಂಡಾಳ್ ಹೇಳುತ್ತಿದ್ದಳು.

ಆ ವರ್ಷ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಿದ್ಯಾ ಸಮ್ಮೇಳನ ಸೇರಿತ್ತು. ದೇಶದೇಶಗಳಿಂದ ಹನ್ನೆರಡು ಮಂದಿ ಮುಖ್ಯ ಭಾಷಣಕಾರರು ಬಂದು ದಂಡುಪ್ರದೇಶದ ಕಡೆ ದೊಡ್ಡ ಹೋಟೆಲಿನಲ್ಲಿ ಇಳಿದಿದ್ದರು. ಅವರಲ್ಲಿ ಮೂವರನ್ನಾದರೂ ಒಂದು ಸಂಜೆಯ ಮಟ್ಟಿಗೆ ನಮ್ಮ ಶಾಲೆಗೆ ಕಳಿಸಿ ಎಂದು ಹೆಡ್‌ಮಾಸ್ಟರ್ ಮಲ್ಲಿಕಾರ್ಜುನಯ್ಯನವರು ಓಡಾಡಿ, ಕಾಡಿ, ಬೇಡಿ ಒಪ್ಪಿಸಿದ್ದರು. ಪ್ರಾರ್ಥನೆ, ಸ್ವಾಗತ, ಪರಿಚಯ ಎಲ್ಲ ತಲೆತಲೆಗೆ ಹಂಚಿಹೋದ ಮೇಲೆ ಯಾರಿಗೂ ಬೇಡವಾದ ವಂದನಾರ್ಪಣೆ ಚಕ್ರಪಾಣಿಯ ಪಾಲಿಗೆ ಬಂತು.

"ಚೀಟಿ ನೋಡ್ಕೊಂಡು ಹೇಳಿದ್ರೆ ಅದು ವಂದನಾರ್ಪಣೆ ಅಲ್ಲ ಕಣ್ರೀ, ಹಾಜರಿ ಕೂಗೋದು," ಎಂದಿದ್ದರು ಹೆಡ್‌ಮಾಸ್ಟರು. "ಹೊರದೇಶದೋರ ಎದುರಿಗೆ ಮಾನ ಹೋಗತ್ತೆ. ಬಾಯಲ್ಲೇ ಬರ್ಬೇಕು. ಒಂದು ಹೆಸರೂ ಬಿಟ್ಟುಹೋಗ್ಬಾರ್ದು. ಬಿಡ್ಲಿಲ್ಲ ಅಂದ್ರೆ ಸಭೆ ಮುಗಿದ ಕೂಡ್ಲೇ ನಿಮ್ಮ ಖಾಯಂ ಆರ್ಡರ್ ನಾನೇ ಕೈಗೆ ಕೊಡ್ತೀನಿ. ಬಿಟ್ರೋ, ಮಾಯಣ್ಣನ್ನ ಜ್ಞಾಪಿಸಿಕೊಳ್ಳಿ."

ಮಾಯಣ್ಣ ಮೇಷ್ಟ್ರನ್ನು ಜ್ಞಾಪಿಸಿಕೊಳ್ಳದೆ ಚಕ್ರಪಾಣಿ ಊಟ ಮಾಡಿದ ದಿನವೇ ಇರಲಿಲ್ಲ. ಹಿಂದೊಂದು ವಾರ್ಷಿಕೋತ್ಸವದಲ್ಲಿ ಅವರು ಧ್ವನಿವರ್ಧಕ ಕೊಟ್ಟವರ ಹೆಸರು ಬಿಟ್ಟಿದ್ದರು. ಮಾರನೇ ವರ್ಷದ ಸಭೆ ಧ್ವನಿವರ್ಧಕವಿಲ್ಲದೆ ನಡೆಯಿತು. ಮಾಯಣ್ಣನವರೂ ಇಲ್ಲದೆ ನಡೆಯಿತು.

ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಅವನು ಹೆಸರು ಉರುಹೊಡೆಯಲು ಶುರುಮಾಡಿದ. ಫಿನ್ಲೆಂಡಿನ ಮಿಸ್ ಲೆಹ್ತಿನೆನ್, ಡೆನ್ಮಾರ್ಕಿನ ಪ್ರೊಫೆಸರ್ ಸೋರೆನ್ಸೆನ್, ಜಪಾನಿನ ಡಾಕ್ಟರ್ ಹಯಾಶಿದಾ. ಈ ಮೂರು ಹೆಸರುಗಳೇ ತನ್ನನ್ನು ಮುಳುಗಿಸುವುದು ಎಂಬ ಭಯದಿಂದ ಒಂದು ವಾರ ಅವನ್ನೇ ಜಪ ಮಾಡಿದ್ದ.

"ಏನೂಂದ್ರೆ," ಎಂದಳು ಆಂಡಾಳ್ ಕಾಫಿ ಲೋಟ ಮುಂದಿಟ್ಟು, "ರಾತ್ರಿಯೆಲ್ಲ ಲೆಹ್ತಿನೆನ್ ಲೆಹ್ತಿನೆನ್ ಅಂತ ಕನವರಿಸ್ತಿದ್ರಿ. ಆಕೆ ಯಾರು ಅಂತ ನಂಗೆ ಗೊತ್ತು. ಗೋಡೆ ಆಚೆಯೋರಿಗೆ ಗೊತ್ತಿಲ್ಲ. ಸ್ವಲ್ಪ ಮೆತ್ತಗೆ ಕನವರಿಸಿ."

"ಆ ಮೂರು ಬಂದ್ಬಿಟ್ಟಿದೆ ಕಣೇ. ನಮ್ಮೂರೋರ ಹೆಸರೇ ನಿಲ್ತಿಲ್ಲ. ಜಮಖಾನ ಕೊಟ್ಟೋರನ್ನ ಹಿಡಿದ್ರೆ ಹಾರ ಕೊಟ್ಟೋರು ಜಾರ್ತಾರೆ. ಹಾರ ಹಿಡಿದ್ರೆ ಕಾಫಿ ಚೆಲ್ಲತ್ತೆ."

ಆಂಡಾಳ್ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಮದುವೆಮನೇಲಿ ನೂರಾರು ಎಲೆಗೆ ಬಡಿಸ್ತಾರೆ. ಯಾರಾದ್ರೂ ಚೀಟಿ ನೋಡ್ಕೊಂಡು ಬಡಿಸಿದ್ದನ್ನ ಕಂಡಿದೀರಾ? ಎಲೆ ನೋಡಿದ್ರೆ ಸಾಕು, ಏನು ಬಂದಿದೆ ಏನು ಬರಬೇಕು ಅಂತ ತಾನೇ ತಿಳಿಯತ್ತೆ. ಒಬ್ಬೊಬ್ಬರನ್ನ ಒಂದೊಂದು ಪದಾರ್ಥ ಮಾಡ್ಕೊಳ್ಳಿ. ಮನಸ್ಸಲ್ಲೇ ಬಡಿಸ್ತಾ ಹೋಗಿ."

ಚಕ್ರಪಾಣಿ ಕಾಫಿ ಕುಡಿಯುವುದನ್ನೇ ಮರೆತ. ಇಷ್ಟು ವರ್ಷ ತಾನು ಊರಿಗೆಲ್ಲ ಪಾಠ ಹೇಳಿದ್ದೇ ಬಂತು, ಪಾಠ ಹೇಳುವ ಉಪಾಯ ಅಡುಗೆಮನೆಯಲ್ಲಿತ್ತು. ಇಬ್ಬರೂ ನೆಲದ ಮೇಲೆ ಕೂತು, ಇಲ್ಲದ ಎಲೆಯ ಮೇಲೆ ಬೆರಳಾಡಿಸುತ್ತ ಬಡಿಸತೊಡಗಿದರು.

ಮೊದಲು ಎಲೆಯ ತುದಿಗೆ ಒಂದು ತೊಟ್ಟು ಪಾಯಸ: ಹೊರದೇಶದ ಮೂವರು ಅತಿಥಿಗಳು. ಆಮೇಲೆ ಉಪ್ಪು: ಸಭೆಯ ಅಧ್ಯಕ್ಷರು. ಕೋಸಂಬರಿ: ಮಗಳ ಮದುವೆಗೆಂದು ಕೊಂಡಿದ್ದ ಜಮಖಾನಗಳನ್ನೆಲ್ಲ ಕೊಡಲು ಒಪ್ಪಿದ್ದ ಅಕ್ಕಿಪೇಟೆ ಮಂಡಿಯ ವೃಷಭೇಂದ್ರಪ್ಪ. ಪಲ್ಯ: ಬೆಳ್ಳಿಯ ಪನ್ನೀರುದಾನಿಯನ್ನೂ ಹಾರಗಳನ್ನೂ ಕೊಡುತ್ತಿದ್ದ ಮಹಿಳಾ ಸಮಾಜದ ಗುರುಬಸಮ್ಮನವರು. ಹಪ್ಪಳ: ಧ್ವನಿವರ್ಧಕದವರು. "ಸುಮ್ನೆ ಕರಕರ ಅಂತಿರತ್ತಲ್ಲ," ಎಂದಳು ಆಂಡಾಳ್. ಸಾರು: ಮೂಲೆಯ ಕಾಫಿ ಕ್ಲಬ್ಬಿನ ಶೀನಣ್ಣ. ಇದಕ್ಕೆ ಕಾರಣ ಕೊಡಬೇಕಾಗಿರಲಿಲ್ಲ. ಅವನ ಕಾಫಿ ಕುಡಿದವರಿಗೆ ಅದು ಗೊತ್ತು.

"ಹೆಡ್‌ಮಾಸ್ಟರು?"

"ಹುಳಿ," ಎಂದಳು ಆಂಡಾಳ್ ತಡಮಾಡದೆ.

ಅಷ್ಟರಲ್ಲಿ ಬಾಗಿಲಲ್ಲಿ ಸುಂದರಮ್ಮನವರ ದನಿ ಕೇಳಿತು. ವಠಾರದ ಕೊನೆಯ ಮನೆಯ ಸುಂದರಮ್ಮನವರು ಶಾಲೆಗೆ ಸಂಗೀತದ ಟೀಚರು. ಹಾರ್ಮೋನಿಯಂ ಅವರದೇ, ಹಾಡುವ ಹುಡುಗಿಯರೂ ಅವರವರೇ. ಕಿವಿ ಮಾತ್ರ ಈಚೆಗೆ ಅಷ್ಟು ಅವರದಾಗಿ ಉಳಿದಿರಲಿಲ್ಲ.

"ಲೋ ಚಕ್ರಪಾಣಿ, ನನ್ನ ಹೆಸರು ಕಟ್ಟಕಡೇಲಿ ಇಟ್ಕೊಳ್ಳಪ್ಪ. ಸಭೇಲಿ ಮಾತಾಡೋದು ನಂಗೆ ಅರ್ಧ ಕೇಳ್ಸಲ್ಲ. ಆದ್ರೆ ನನ್ನ ಹೆಸರು ಯಾರಾದ್ರೂ ಅಂದ್ರೆ ಪಕ್ಕದ ರಸ್ತೇಲಿದ್ರೂ ಕೇಳತ್ತೆ. ಅದು ಕಿವಿಗೆ ಬಿದ್ದ ತಕ್ಷಣ ನಾನು ಜನಗಣಮನ ಎತ್ಕೊಂಡ್ಬಿಡ್ತೀನಿ. ಹೋದ ಸಲ ವಂದನೆಗೂ ಹಾಡಿಗೂ ಮಧ್ಯೆ ಒಂದು ಚೂರು ಹೊತ್ತು ಬಿಟ್ಟಿದ್ದಕ್ಕೆ ಜನ ಎದ್ದು ಚಪ್ಪಲಿ ಹುಡುಕೋಕೆ ಹೊರಟೇ ಹೋದ್ರು. ಹೆಡ್‌ಮಾಸ್ಟರು ನನ್ನನ್ನ ಬೈದ್ರು."

"ಮಜ್ಜಿಗೆ!" ಎಂದಳು ಆಂಡಾಳ್ ಸಂತೋಷದಿಂದ. "ಸುಂದರಮ್ಮನೋರು ಮಜ್ಜಿಗೆ. ಮಜ್ಜಿಗೆ ಬಂತು ಅಂದ್ರೆ ಪಂಕ್ತಿ ಏಳತ್ತೆ."

"ಮಜ್ಜಿಗೆ ಈಗ ಬೇಡಮ್ಮ, ಗಂಟಲು ಕಟ್ಟತ್ತೆ, ಸಂಜೆ ಹಾಡ್ಬೇಕು," ಎನ್ನುತ್ತ ಸುಂದರಮ್ಮ ಹೊರಟುಹೋದರು.

ಎಲೆ ಪೂರ್ತಿಯಾಯಿತು. ಚಕ್ರಪಾಣಿ ಪಾಯಸದಿಂದ ಮಜ್ಜಿಗೆಯವರೆಗೆ ಎರಡು ಸಲ ಹೇಳಿ ನೋಡಿದ. ಒಂದು ಹೆಸರೂ ತಪ್ಪಲಿಲ್ಲ. ಜೀವಮಾನದಲ್ಲಿ ಮೊದಲ ಸಲ ತನ್ನ ತಲೆಯ ಬಗ್ಗೆ ಅವನಿಗೆ ಸ್ವಲ್ಪ ಗೌರವ ಬಂತು. ಅದು ಇದ್ದದ್ದು ಶೀನಣ್ಣನ ಕಾಫಿ ಕ್ಲಬ್ಬು ದಾಟುವವರೆಗೆ.

"ಏನಪ್ಪಾ ಚಕ್ರು, ನಾನು ಸಾರಂತೆ?"

ಶೀನಣ್ಣ ಗಲ್ಲಾ ಬಿಟ್ಟು ಬೀದಿಗೇ ಬಂದು ನಿಂತಿದ್ದ. ಚಕ್ರಪಾಣಿಗೂ ಅವನಿಗೂ ಮಧ್ಯೆ ವಠಾರದಲ್ಲಿ ಇದ್ದದ್ದು ಒಂದೇ ಇಟ್ಟಿಗೆಯ ಗೋಡೆ. ಅದರಲ್ಲೂ ಒಂದು ಗೂಡು ಇತ್ತು; ಈಚೆ ಆಡಿದ್ದೆಲ್ಲ ಆಚೆಗೆ ಕೇಳುತ್ತಿತ್ತು.

"ಅದು ಜ್ಞಾಪಕಕ್ಕೆ ಶೀನಣ್ಣ, ಬೇರೆ ಏನೂ ಇಲ್ಲ..."

"ಇರ್ಲಿ ಬಿಡು, ಸಾರಿಗೂ ಒಂದು ಮರ್ಯಾದೆ ಇದೆ. ಆದ್ರೆ ಹೆಡ್‌ಮಾಸ್ಟರನ್ನ ಹುಳಿ ಮಾಡಿದೀಯಲ್ಲ, ಭೇಷ್! ಬಂದ ಗಿರಾಕಿಗಳಿಗೆಲ್ಲ ಹೇಳ್ದೆ. ನಕ್ಕೂ ನಕ್ಕೂ ಒಬ್ಬರ ದೋಸೆ ಆರಿಹೋಯ್ತು."

ಚಕ್ರಪಾಣಿ ನಡುಬೀದಿಯಲ್ಲೇ ನಿಂತುಬಿಟ್ಟ. "ಎಲ್ಲರಿಗೂ ಹೇಳಿದ್ಯಾ?"

"ಎಲ್ಲರಿಗೂ ಎಲ್ಲಿ? ಬಂದೋರಿಗೆ ಮಾತ್ರ," ಎಂದ ಶೀನಣ್ಣ.

ಶಾಲೆಯ ಬಾಗಿಲಿಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದು ಕೂತಿತ್ತು. ಎತ್ತಿನ ಗಾಡಿಯಲ್ಲಿ ಜಮಖಾನಗಳ ಸುರುಳಿ ಹಾಗೇ ಇತ್ತು. ಅದರ ಮೇಲೆ ವೃಷಭೇಂದ್ರಪ್ಪನವರು, ಇಳಿಸುವುದಿಲ್ಲ ಎಂಬಂತೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು.

"ಬನ್ನಿ ಮೇಷ್ಟ್ರೇ. ಕೋಸಂಬರಿ ಕಾದಿದೆ."

"ಯಜಮಾನ್ರೇ, ದಯವಿಟ್ಟು ತಪ್ಪು ತಿಳ್ಕೋಬೇಡಿ..."

"ಅಲ್ಲ ಸ್ವಾಮಿ, ಒಂದು ಮಾತು ಕೇಳ್ತೀನಿ. ಕೋಸಂಬರೀನ ಯಾರಾದ್ರೂ ಎರಡನೇ ಸಲ ಹಾಕಿಸ್ಕೋತಾರಾ? ಎಲೆ ಮೂಲೇಲಿ ಒಂದು ಚಿಟಿಕೆ ಹಾಕ್ತಾರೆ, ಎಷ್ಟೋ ಜನ ಹಾಗೇ ಮಡಿಸಿ ಎದ್ದು ಹೋಗ್ತಾರೆ. ಇಡೀ ಸಭೆ ನನ್ನ ಜಮಖಾನದ ಮೇಲೆ ಕೂರತ್ತೆ, ನಾನು ಕೋಸಂಬರಿ! ನನ್ನನ್ನ ಹೋಳಿಗೆ ಮಾಡಿ."

ಹೆಸರು ಹೇಳುವ ಅನುಕ್ರಮಕ್ಕಷ್ಟೇ ಇದು, ಸಭೆಯಲ್ಲಿ ಯಾರೂ ಯಾರನ್ನೂ ಕೋಸಂಬರಿ ಎನ್ನುವುದಿಲ್ಲ ಎಂದು ಚಕ್ರಪಾಣಿ ಕೈಮುಗಿದು ಹೇಳಿದ.

"ನೀವು ಅನ್ನಲ್ಲ ಸ್ವಾಮಿ. ಕೇಳೋರಿಗೆ ಗೊತ್ತಲ್ಲ! ಈಗ ಪೇಟೆಯೆಲ್ಲ ಗೊತ್ತು."

ಮೂರು ಗಂಟೆಗೆ ಜಮಖಾನ ಹಾಸಿ ಮುಗಿಯಬೇಕಿತ್ತು. ಚಕ್ರಪಾಣಿ ಅವರನ್ನು ಹೋಳಿಗೆ ಮಾಡಿದ. ಸುರುಳಿ ಕೆಳಗಿಳಿಯಿತು.

ಹೋಳಿಗೆಯಾದ ವಿಷಯ ಗುರುಬಸಮ್ಮನವರಿಗೆ ಮುಟ್ಟಲು ಎಷ್ಟು ಹೊತ್ತು? ಅವರ ಮನೆಯೂ ವೃಷಭೇಂದ್ರಪ್ಪನವರ ಮನೆಯೂ ಎದುರುಬದುರು. ಒಂದು ಮನೆಯ ಮುಂದೆ ದೊಡ್ಡ ರಂಗೋಲಿ ಬಿದ್ದರೆ ಇನ್ನೊಂದು ಮನೆಯವರು ಅಳಿಸಿ ಮತ್ತೆ ಹಾಕುತ್ತಿದ್ದರು. ಬೆಳ್ಳಿಯ ಪನ್ನೀರುದಾನಿಯನ್ನು ಸೆರಗಿನಡಿ ಹಿಡಿದುಕೊಂಡು ಅವರು ಸಭಾಂಗಣಕ್ಕೆ ಬಂದಾಗ ಅವರ ಮುಖವೇ ಕುದಿಯುವ ಹುಳಿಯಂತಿತ್ತು.

"ಏನು ಮೇಷ್ಟ್ರೇ, ಆಚೆಮನೆಯೋರು ಹೋಳಿಗೆ, ನಾವು ಹುರುಳಿಕಾಯಿ ಪಲ್ಯವೋ?"

"ಅಮ್ಮಾ, ತಾವು ಏನಾಗ್ಬೇಕು ಹೇಳಿ," ಎಂದ ಚಕ್ರಪಾಣಿ. ಅವನಿಗೆ ಸೋತು ಸಾಕಾಗಿತ್ತು.

"ತುಪ್ಪ. ಹೋಳಿಗೆ ಮೇಲೆ ತುಪ್ಪ ಬೀಳ್ಬೇಕು." ಅಷ್ಟು ಹೇಳಿ ಅವರು ಪನ್ನೀರುದಾನಿಯನ್ನು ಹೊರತೆಗೆದರು. ಆದರೆ ಕೈಗೆ ಕೊಡಲಿಲ್ಲ. "ಇನ್ನೊಂದು ಮಾತು. ಆ ಪರದೇಶದೋರ ಹೆಸರನ್ನ ಮೊದಲೇ ಹೇಳ್ತೀರಂತೆ?"

"ಅತಿಥಿಗಳಲ್ಲವೇ ಅಮ್ಮಾ, ಪಾಯಸ..."

"ಮೊದಲೇ ಹೇಳ್ಬಿಟ್ರೆ ಅವರು ನಮಸ್ಕಾರ ಮಾಡಿ ಎದ್ದು ಕಾರು ಹತ್ತಲ್ವಾ? ಆಮೇಲೆ ನಮ್ಮ ಹೆಸರು ಕೇಳೋಕೆ ಯಾರಿರ್ತಾರೆ? ನಾವು ನಾವೇ!"

ಪಕ್ಕದಲ್ಲಿ ಜಮಖಾನದ ಮಡಿಕೆ ಬಿಡಿಸುತ್ತಿದ್ದ ವೃಷಭೇಂದ್ರಪ್ಪನವರು ಸೊಂಟ ನೆಟ್ಟಗೆ ಮಾಡಿಕೊಂಡರು. ಎಷ್ಟೋ ವರ್ಷದಲ್ಲಿ ಮೊದಲ ಬಾರಿಗೆ ಎದುರುಮನೆಯವರ ಮಾತು ಅವರಿಗೆ ಸರಿಯೆನಿಸಿತ್ತು. "ಅಮ್ಮನೋರು ಹೇಳೋದು ನಿಜ. ಅತಿಥಿಗಳಿಗೆ ಊಟ ಆದ್ಮೇಲೇ ಅಲ್ವೇ ನಿಜವಾದ ಮರ್ಯಾದೆ? ತಾಂಬೂಲ ಮಾಡಿ ಅವರನ್ನ. ತಟ್ಟೇಲಿಟ್ಟು ಕೈಗೆ ಕೊಟ್ಟು ಕಳಿಸಿದ ಹಾಗಿರತ್ತೆ."

ತಾಂಬೂಲ! ಚಕ್ರಪಾಣಿಗೂ ಅದು ಬಹಳ ಹಿಡಿಸಿತು. ಎಲ್ಲ ಮುಗಿದ ಮೇಲೆ, ಒಂದು ಕ್ಷಣ ನಿಂತು, ನಿಧಾನವಾಗಿ, ಆ ಮೂರು ಹೆಸರನ್ನು ಒಂದೊಂದಾಗಿ ಬಿಡುವುದು. ಪಾಯಸವನ್ನು ಎಲೆಯ ತುದಿಯಿಂದ ಒರೆಸಿ ಹಾಕಿ ತಾಂಬೂಲವನ್ನು ಕೊನೆಯಲ್ಲಿಟ್ಟ. ಪನ್ನೀರುದಾನಿ ಕೈಗೆ ಬಂತು.

ಆಮೇಲೆ ಹಾಲು ಕೊಟ್ಟವರು ಬಂದು ಗೊಜ್ಜಾದರು. ಕುರ್ಚಿ ಕೊಟ್ಟವರು ಆಂಬೊಡೆಯಾದರು. ಕುರ್ಚಿ ಹೊರಿಸಿಕೊಂಡು ಬಂದವರು, ಕುರ್ಚಿ ಕೊಟ್ಟವರನ್ನೇ ಆಂಬೊಡೆ ಮಾಡಿದ್ದಾರೆಂದು ಕೇಳಿ ತಾವು ಸಂಡಿಗೆಗೆ ತೃಪ್ತಿಪಟ್ಟರು. ಎಲೆ ತುಂಬಿ ಪದಾರ್ಥಗಳು ಒಂದಕ್ಕೊಂದು ಅಂಟಿಕೊಳ್ಳತೊಡಗಿದವು. ಇಷ್ಟರ ನಡುವೆ ಚಕ್ರಪಾಣಿಗೆ ಏನನ್ನೋ ಮರೆತಿದ್ದೇನೆ ಎಂಬ ಒಂದು ಚುಚ್ಚು ಮಾತ್ರ ಹೋಗಲೇ ಇಲ್ಲ. ಹಲ್ಲಿಗೆ ಸಿಕ್ಕಿಕೊಂಡ ತೆಂಗಿನ ನಾರಿನ ಹಾಗೆ ಅದು ಅಲ್ಲೇ ಇತ್ತು. ಮತ್ತೆ ಮತ್ತೆ ಹೆಸರುಗಳನ್ನು ಹೇಳಿಕೊಂಡ. ಎಲ್ಲರೂ ಇದ್ದರು. ಹಾಗಿದ್ದರೆ ಮರೆತಿರುವುದಾದರೂ ಏನು?

ಸಂಜೆ ಕಾರು ಬಂತು. ಮೂವರು ಅತಿಥಿಗಳು ಇಳಿದರು. ಗುರುಬಸಮ್ಮನವರು ಚಿಮುಕಿಸಿದ ಪನ್ನೀರು ಪ್ರೊಫೆಸರ್ ಸೋರೆನ್ಸೆನ್ನರ ಕನ್ನಡಕಕ್ಕೆ ಬಿದ್ದು, ಅವರು ಸಭೆಯುದ್ದಕ್ಕೂ ಬೆಂಗಳೂರನ್ನು ಮಂಜಿನಲ್ಲಿ ನೋಡಿದರು. ಡಾಕ್ಟರ್ ಹಯಾಶಿದಾ ಎದುರಿಗೆ ಬಂದವರಿಗೆಲ್ಲ ಬಗ್ಗಿ ನಮಸ್ಕರಿಸಿದರು, ಎದುರಿನವರೂ ಬಗ್ಗಿದರು, ಬಾಗಿಲಲ್ಲೇ ಬಹಳ ಹೊತ್ತು ಹೋಯಿತು. ಮಿಸ್ ಲೆಹ್ತಿನೆನ್ ತೆಳ್ಳಗೆ ಉದ್ದಕ್ಕಿದ್ದ, ತಲೆ ನರೆತ ಹೆಂಗಸು. ಎದುರಿಗೆ ಬಂದ ಹೆಂಗಸರ ಮೂಗುಬೊಟ್ಟಿನಿಂದ ಹಿಡಿದು ಗೋಡೆಯ ಮೇಲಿನ ಕಾಗುಣಿತದ ಪಟದವರೆಗೆ ಎಲ್ಲವನ್ನೂ ನಿಂತು ನಿಂತು ನೋಡುತ್ತ, ಇದೇನು, ಅದೇನು ಎಂದು ಕೇಳುತ್ತ ಬಂದರು. ಹಾಗೆ ನೋಡುವವರನ್ನು ಚಕ್ರಪಾಣಿ ತನ್ನ ಶಾಲೆಯ ಬೆಂಚುಗಳಲ್ಲಿ ಮಾತ್ರ ಕಂಡಿದ್ದ. ವೇದಿಕೆಗೆ ಹತ್ತುವವರಲ್ಲಿ ಕಂಡಿರಲಿಲ್ಲ.

ಪ್ರಾರ್ಥನೆ, ಸ್ವಾಗತ ಆದವು. ಭಾಷಣಕಾರರ ಪರಿಚಯವನ್ನು ಹೆಡ್‌ಮಾಸ್ಟರೇ ಮಾಡಿದರು. ಅವರು ಮೂವರ ಹುಟ್ಟಿನಿಂದ ಶುರುಮಾಡಿದ್ದರಿಂದ, ಅವರವರ ವಿಶ್ವವಿದ್ಯಾನಿಲಯ ಸೇರುವಷ್ಟರಲ್ಲಿ ಹೊರಗೆ ಕತ್ತಲಾಯಿತು. ಪ್ರೊಫೆಸರು ಮಾತಾಡಿದಾಗ ಮುಂದಿನ ಸಾಲು ತೂಕಡಿಸಿತು. ಡಾಕ್ಟರು ಮಾತಾಡಿದಾಗ ಹಿಂದಿನ ಸಾಲೂ ಸೇರಿಕೊಂಡಿತು. ಮದುವೆಯ ಜಮಖಾನ ಮೆತ್ತಗಿತ್ತು.

ಮಿಸ್ ಲೆಹ್ತಿನೆನ್ ಎದ್ದಾಗ ಚಕ್ರಪಾಣಿ ಮನಸ್ಸಿನಲ್ಲಿ ಮೂರನೇ ಸಲ ಗೊಜ್ಜು ಬಡಿಸುತ್ತಿದ್ದ. ಆಕೆಯ ಇಂಗ್ಲಿಷು ಸರಳವಾಗಿತ್ತು. ಅವರಿಗೂ ಅದು ಕಲಿತ ಭಾಷೆ.

ತಮ್ಮ ಕಡೆ ಚಳಿಗಾಲದಲ್ಲಿ ಮಧ್ಯಾಹ್ನವೇ ಕತ್ತಲಾಗುತ್ತದೆ ಎಂದರು. ಕಾಡಿನಲ್ಲಿ ದಿನವೆಲ್ಲ ಮರ ಕಡಿದವರು ಹಿಮದ ಮೇಲೆ ಜಾರಿಕೊಂಡು ಸಂಜೆಯ ಶಾಲೆಗೆ ಬರುತ್ತಾರೆ. "ಬೆನ್ನು ಮುರಿಯುವಂತೆ ದುಡಿದ ಮನುಷ್ಯ ಮನೆಗೆ ಹೋಗಿ ಮಲಗದೆ ಬೆಂಚಿನ ಮೇಲೆ ಬಂದು ಯಾಕೆ ಕೂರುತ್ತಾನೆ? ಇದು ನನಗೆ ತಿಳಿಯಬೇಕಿತ್ತು. ಎಷ್ಟೋ ಪುಸ್ತಕ ಓದಿದೆ. ಕೊನೆಗೆ ಒಬ್ಬ ಮುದುಕನನ್ನೇ ಕೇಳಿದೆ. ಅವನು ಹೇಳಿದ: ಕಾಡಿನಲ್ಲಿ ನನ್ನನ್ನು ಕೊಡಲಿಯ ಮೇಲಿನ ಅಂಕಿಯಿಂದ ಕೂಗುತ್ತಾರೆ. ಇಲ್ಲಿ ಹಾಜರಿ ತೆಗೆಯುವಾಗ ನನ್ನ ಹೆಸರು ಹಿಡಿದು ಕರೆಯುತ್ತಾರೆ. ಅದಕ್ಕೇ ಬರುತ್ತೇನೆ."

ಚಕ್ರಪಾಣಿಯ ಎಲೆ ಒಂದು ಕ್ಷಣ ಗಾಳಿಗೆ ಹಾರಿಹೋಯಿತು. ಈ ಶಾಲೆಗೆ ತಾನು ಮೊದಲ ಸಂಜೆ ಬಂದದ್ದು ನೆನಪಾಯಿತು. ಅಚ್ಚುಕೂಟದಲ್ಲಿ ಅವನನ್ನು ಎಲ್ಲರೂ 'ಏಯ್' ಎನ್ನುತ್ತಿದ್ದ ಕಾಲ. ಮೇಷ್ಟ್ರು ಪೂರ್ತಿ ಹೆಸರು ಹಿಡಿದು ಕೂಗಿದಾಗ ಯಾರನ್ನೋ ಕರೆಯುತ್ತಿದ್ದಾರೆಂದು ಅವನು ಹಿಂದೆ ತಿರುಗಿ ನೋಡಿದ್ದ. ಇಷ್ಟು ದೂರದಿಂದ ಬಂದ ಈ ಹೆಂಗಸಿಗೆ ಅದು ಹೇಗೆ ಗೊತ್ತಾಯಿತು? ಆಕೆಯ ಹೆಸರನ್ನು ಹೇಳುವಾಗ ಈ ಮಾತನ್ನೂ ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸಬೇಕೆಂದುಕೊಂಡು ಅಲ್ಲೇ ಜೋಡಿಸಿದ. ವ್ಯಾಕರಣ ಸರಿಯಿದೆಯೇ ಎಂದು ಎರಡು ಸಲ ತಿದ್ದಿದ.

"ಈಗ ವಂದನಾರ್ಪಣೆ," ಎಂದರು ಅಧ್ಯಕ್ಷರು.

ಆ ಒಂದು ಮಾತಿಗೆ ಸಭೆಯೆಲ್ಲ ಎದ್ದು ಕೂತಿತು. ಹೊರಗೆ ಬೀಡಿ ಸೇದುತ್ತಿದ್ದವರು ಒಳಗೆ ಬಂದರು. ಸಾಮಾನ್ಯವಾಗಿ ವಂದನಾರ್ಪಣೆಗೆ ಜನ ಎದ್ದು ಹೋಗುವುದು ಪದ್ಧತಿ. ಇವತ್ತು ಶೀನಣ್ಣನ ದಯದಿಂದ ಇಡೀ ಪೇಟೆ ಎಲೆಯ ಮುಂದೆ ಕೂತಿತ್ತು. ಮಿಸ್ ಲೆಹ್ತಿನೆನ್ ಆಶ್ಚರ್ಯದಿಂದ ಹೆಡ್‌ಮಾಸ್ಟರ ಕಡೆ ಬಾಗಿ ಏನೋ ಕೇಳಿದರು. ಹೆಡ್‌ಮಾಸ್ಟರು ಏನೋ ಹೇಳಿದರು. ಆಕೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕೂತರು.

ಚಕ್ರಪಾಣಿ ಕಣ್ಣು ಅರ್ಧ ಮುಚ್ಚಿ ಬಡಿಸತೊಡಗಿದ. ಉಪ್ಪು: ಅಧ್ಯಕ್ಷರಿಗೆ ವಂದನೆ. ಚಪ್ಪಾಳೆ. ಹಾಲು ಕೊಟ್ಟವರ ಹೆಸರು ಬರುತ್ತಲೇ ಹಿಂದಿನಿಂದ ಯಾರೋ "ಗೊಜ್ಜು!" ಎಂದರು. ಧ್ವನಿವರ್ಧಕದವರ ಹೆಸರಿಗೆ ಧ್ವನಿವರ್ಧಕವೇ ಕರಕರ ಎಂದಿತು. ಸಭೆ ಬಿದ್ದು ಬಿದ್ದು ನಕ್ಕಿತು. ಹೆಡ್‌ಮಾಸ್ಟರ ಹೆಸರು ಬಂದಾಗ ಕೆಲವರು ಬಾಯಿಗೆ ಪಂಚೆಯಂಚು ಒತ್ತಿಕೊಂಡರು. ತಮ್ಮ ಜನಪ್ರಿಯತೆಗೆ ಬೆರಗಾಗಿ ಹೆಡ್‌ಮಾಸ್ಟರು ಎದ್ದು ಕೈಮುಗಿದರು. ಶೀನಣ್ಣ ಸಾರಿಗೆ ತಾನೇ ಚಪ್ಪಾಳೆ ತಟ್ಟಿಕೊಂಡ. ವೃಷಭೇಂದ್ರಪ್ಪನವರು ಹೋಳಿಗೆಯಂತೆ ಉಬ್ಬಿದರು. ಕೂಡಲೇ ಗುರುಬಸಮ್ಮನವರು ಅವರ ಮೇಲೆ ತುಪ್ಪವಾಗಿ ಬಿದ್ದರು. ಒಬ್ಬೊಬ್ಬರ ಹೆಸರು ಬಂದ ಹಾಗೆಲ್ಲ ಅವರ ಮುಖ, ಅವರ ಮನೆಯವರ ಮುಖ, ದೀಪ ಹಚ್ಚಿದಂತಾಗುತ್ತಿತ್ತು. ಚಕ್ರಪಾಣಿಯ ದನಿ ಗಟ್ಟಿಯಾಯಿತು. ಮಾಯಣ್ಣ ಮೇಷ್ಟ್ರು ಮನಸ್ಸಿನಿಂದ ಎದ್ದು ಹೊರಟುಹೋದರು.

ಉಳಿದದ್ದು ಎರಡೇ. ಮಜ್ಜಿಗೆ ಬಡಿಸಿಬಿಟ್ಟರೆ ತಾಂಬೂಲ.

"ಸಂಗೀತದ ವಿದುಷಿ ಶ್ರೀಮತಿ ಸುಂದರಮ್ಮನವರಿಗೆ," ಎಂದು ಹೇಳಿ, ಮುಂದಿನ ಮೂರು ಹೆಸರಿಗೆಂದು ಎದೆ ತುಂಬ ಉಸಿರೆಳೆದುಕೊಂಡ.

ಹಾರ್ಮೋನಿಯಂ ಅವನಿಗಿಂತ ಮುಂಚೆ ಉಸಿರು ಬಿಟ್ಟಿತು.

ಜನಗಣಮನ!

ಸಭೆ ದಡಬಡ ಎದ್ದು ನಿಂತಿತು. ಅಧ್ಯಕ್ಷರು ನಿಂತರು, ಅತಿಥಿಗಳು ನಿಂತರು. ಎಳೆದುಕೊಂಡ ಉಸಿರನ್ನು ಹಾಗೇ ಹಿಡಿದುಕೊಂಡು, ಬಾಯಿ ಅರ್ಧ ತೆರೆದು, ಚಕ್ರಪಾಣಿಯೂ ಕಂಬದ ಹಾಗೆ ನಿಂತ. ಹಲ್ಲಿಗೆ ಸಿಕ್ಕಿದ್ದ ನಾರು ಆಗ ಹೊರಬಂತು. ಮಜ್ಜಿಗೆ ಬಂತೆಂದರೆ ಪಂಕ್ತಿ ಏಳುತ್ತದೆ! ಬೆಳಿಗ್ಗೆ ತಾನೇ ಒಪ್ಪಿದ್ದ ಮಾತು. ಯಾರ ಮಾತಿಗೆ ಬೇಕಾದರೂ ಅಡ್ಡ ಹೋಗಬಹುದು, ರಾಷ್ಟ್ರಗೀತೆಗೆ ಅಡ್ಡ ಹೋಗುವುದುಂಟೆ? ಸ್ವಾತಂತ್ರ್ಯ ಬಂದು ಇನ್ನೂ ಎಷ್ಟು ವರ್ಷವಾಯಿತು? ಒಂದು ವಾರ ಜಪಿಸಿದ್ದ ಮೂರು ಹೆಸರುಗಳು ಅವನ ಗಂಟಲಲ್ಲಿ ಸಾಲಾಗಿ ನೆಟ್ಟಗೆ ನಿಂತು ಗೌರವ ಸಲ್ಲಿಸಿದವು. ಜಯ ಜಯ ಜಯ ಜಯಹೇ ಆಗುತ್ತಲೇ ಜನ ಚಪ್ಪಲಿಯ ಕಡೆಗೆ ನುಗ್ಗಿದರು. ಸಭೆ ಮುಗಿಯಿತು.

ಅವನು ಕುರ್ಚಿಯೊಂದನ್ನು ಹಿಡಿದುಕೊಂಡು ನಿಂತಿದ್ದ. ಈಗ ಯಾರಾದರೂ ಬಂದು ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಕಾದ. ಯಾರೂ ಕೇಳಲಿಲ್ಲ. ಬಂದವರೆಲ್ಲ ಅವನ ಬೆನ್ನು ತಟ್ಟಿದರು.

"ಭೇಷ್ ಮೇಷ್ಟ್ರೇ! ಒಂದು ಹೆಸರೂ ಬಿಡ್ಲಿಲ್ಲ!" ಎಂದರು ವೃಷಭೇಂದ್ರಪ್ಪನವರು.

"ಹೋಳಿಗೆ ಆದ್ಮೇಲೆ ಒಂಚೂರು ಜಾಸ್ತಿ ನಿಲ್ಲಿಸಿದ್ರಿ. ಪರವಾಗಿಲ್ಲ," ಎಂದರು ಗುರುಬಸಮ್ಮನವರು.

ಚಕ್ರಪಾಣಿಗೆ ನಿಧಾನವಾಗಿ ಅರ್ಥವಾಯಿತು. ತಮ್ಮ ತಮ್ಮ ಹೆಸರು ಬಂದ ಮೇಲೆ ಯಾರೂ ಮುಂದಿನದನ್ನು ಕೇಳಿರಲಿಲ್ಲ. ಇಡೀ ಬೆಂಗಳೂರಿನಲ್ಲಿ ಈ ವಿಷಯ ಗೊತ್ತಿರುವವನು ಅವನೊಬ್ಬನೇ! ಮೂವರು ಅತಿಥಿಗಳಿಗೆ ಕನ್ನಡ ಬರುವುದಿಲ್ಲ. ದೇವರು ಇದ್ದಾನೆ ಎಂದುಕೊಂಡ.

ದೇವರ ಹಿಂದೆಯೇ ಹೆಡ್‌ಮಾಸ್ಟರು ಬಂದರು. ಅವರ ಮುಖದಲ್ಲಿ ಚಕ್ರಪಾಣಿ ಎಂದೂ ಕಾಣದ ನಗು ಇತ್ತು. ಕೋಟಿನ ಒಳಜೇಬಿಗೆ ಕೈಹಾಕಿ ಮಡಿಸಿದ ಆರ್ಡರನ್ನು ಹೊರತೆಗೆದರು. "ಹಿಡೀರಿ ಚಕ್ರಪಾಣಿ. ನನ್ನ ಹೆಸರಿಗೆ ಜನ ಅಷ್ಟು ಸಂತೋಷಪಟ್ಟಿದ್ದು ನಾನು ನೋಡಿರ್ಲೇ ಇಲ್ಲ. ಮಾತು ಅಂದ್ರೆ ಮಾತು."

ಚಕ್ರಪಾಣಿ ಕೈ ಚಾಚಿದ. ಕಾಗದದ ಅಂಚು ಬೆರಳಿಗೆ ತಾಗಿತು.

"ಒಂದು ನಿಮಿಷ," ಎಂದಿತು ಇಂಗ್ಲಿಷಿನ ದನಿ.

ಮಿಸ್ ಲೆಹ್ತಿನೆನ್ ಬಂದು ನಿಂತಿದ್ದರು. ಕಣ್ಣು ಹೊಳೆಯುತ್ತಿದ್ದವು. "ಸಮ್ಮೇಳನದಲ್ಲಿ ನಾನು ಎಷ್ಟೋ ಭಾಷಣ ಕೇಳಿದೆ. ಜನ ಎಚ್ಚರವಾಗಿದ್ದು ಕೇಳಿದ ಭಾಷಣ ಇದೊಂದೇ. ಇದೇನು ಎಂದು ಕೇಳಿದ್ದಕ್ಕೆ, ಎಲ್ಲರನ್ನೂ ಹೆಸರು ಹಿಡಿದು ಕರೆದು ವಂದಿಸುವ ಪದ್ಧತಿ ಎಂದು ನಿಮ್ಮ ಹೆಡ್‌ಮಾಸ್ಟರ್ ಹೇಳಿದರು. ನಮ್ಮ ಮರ ಕಡಿಯುವ ಮುದುಕ ಇಲ್ಲಿದ್ದರೆ ಅತ್ತೇಬಿಡುತ್ತಿದ್ದ." ಆಕೆ ಸ್ವಲ್ಪ ತಡೆದು, ಚಿಕ್ಕ ಹುಡುಗಿಯ ಹಾಗೆ ಸಂಕೋಚಪಟ್ಟುಕೊಂಡರು. "ನನಗೆ ನಿಮ್ಮ ಭಾಷೆ ತಿಳಿಯುವುದಿಲ್ಲ. ಆದರೆ ಹೆಸರು ಯಾವ ಭಾಷೆಯಲ್ಲೂ ಹೆಸರೇ ಅಲ್ಲವೆ? ಕೊನೆಯವರೆಗೂ ಕಿವಿಗೊಟ್ಟು ಕಾದಿದ್ದೆ. ನನ್ನದು ಯಾವಾಗ ಬಂತು?"

ಹೆಡ್‌ಮಾಸ್ಟರ ಕೈಯಲ್ಲಿದ್ದ ಕಾಗದ ಮೆಲ್ಲಗೆ ಹಿಂದಕ್ಕೆ ಸರಿಯಿತು. ಅವರು ಚಕ್ರಪಾಣಿಯನ್ನು ನೋಡಿದರು. ಚಕ್ರಪಾಣಿ ಜಮಖಾನದ ಹೂವು ನೋಡಿದ. ಅವರೂ ಮನಸ್ಸಿನಲ್ಲೇ ಹಿಂದಕ್ಕೆ ಹೋಗಿ ಹುಡುಕಿದರು. ತಮ್ಮ ಹೆಸರಿನ ಆಚೆಗೆ ಅವರಿಗೂ ಏನೂ ನೆನಪಿರಲಿಲ್ಲ. ಆದರೆ ಹೆಡ್‌ಮಾಸ್ಟರ್ ಎಂದರೆ ಸುಮ್ಮನೆ ಆಗುವುದಿಲ್ಲ.

"ಮೇಡಂ," ಎಂದರು ಇಂಗ್ಲಿಷಿನಲ್ಲಿ, ಎದೆಯ ಮೇಲೆ ಕೈಯಿಟ್ಟು, "ಇವತ್ತಿನದು ಮನೆಯವರಿಗೆ ಮಾತ್ರ. ಅತಿಥಿಗಳನ್ನು ಮನೆಯವರ ಜೊತೆ ಸೇರಿಸಿ ವಂದಿಸುವುದು ನಮ್ಮಲ್ಲಿ ಅಗೌರವ. ಅವರಿಗೆಂದೇ ಬೇರೆ ಸಭೆ ಮಾಡುತ್ತೇವೆ. ನಾಳೆ ಸಂಜೆ."

"ಓ!" ಎಂದು ಮಿಸ್ ಲೆಹ್ತಿನೆನ್ ಕೈಜೋಡಿಸಿದರು. "ನಾಳೆ ಎಲ್ಲರೂ ಮೈಸೂರಿಗೆ ಹೊರಡುವುದಿತ್ತು. ನಿಲ್ಲಿಸುತ್ತೇನೆ. ಹನ್ನೆರಡು ಮಂದಿ ಭಾಷಣಕಾರರನ್ನೂ ಕರೆದುಕೊಂಡು ಬರುತ್ತೇನೆ. ಅವರೆಲ್ಲ ಇದನ್ನು ನೋಡಲೇಬೇಕು!" ಎಂದು ಚಕ್ರಪಾಣಿಯ ಕೈ ಕುಲುಕಿ, ಮೆಟ್ಟಿಲಿಳಿದು ಕಾರು ಹತ್ತಿದರು.

ಕಾರು ಹೋಗುವವರೆಗೂ ಹೆಡ್‌ಮಾಸ್ಟರು ನಗುತ್ತಲೇ ಕೈಬೀಸಿದರು. ಆಮೇಲೆ ಆರ್ಡರನ್ನು ಮಡಿಸಿ ಒಳಜೇಬಿಗೆ ಸೇರಿಸಿ ಗುಂಡಿ ಹಾಕಿದರು.

"ಹನ್ನೆರಡು ಹೆಸರು, ಚಕ್ರಪಾಣಿ. ಪೋಲೆಂಡಿನೋರು ಇದಾರೆ, ಹಂಗೇರಿಯೋರು ಇದಾರೆ. ಚೀಟಿ ಗೀಟಿ ಕೂಡ್ದು. ಇದನ್ನ ನಾಳೆ ನೋಡೋಣ."

"ನಾಳೆ ಸಭೆಗೂ ಜಮಖಾನ ನಮ್ದೇ ತಾನೆ?" ಎಂದು ಕೇಳಿದರು ಹತ್ತಿರದಲ್ಲೇ ಇದ್ದ ವೃಷಭೇಂದ್ರಪ್ಪನವರು. "ಹಾಗಾದ್ರೆ ಹೋಳಿಗೆ ಈವತ್ತಾಯ್ತು. ನಾಳೆಗೆ ಬೇರೆ ಏನಾದ್ರೂ ಮಾಡಿ ಸ್ವಾಮಿ. ಆಮೇಲೆ ಎದುರುಮನೆಯೋರಿಗೆ ಮುಂಚೆಯೇ ಹೇಳ್ಬೇಡಿ."

ಚಕ್ರಪಾಣಿ ಹಿಂದಕ್ಕೆ ತಿರುಗಿದ. ಹಾರ್ಮೋನಿಯಂ ಪೆಟ್ಟಿಗೆಗೆ ಬಟ್ಟೆ ಮುಚ್ಚುತ್ತಿದ್ದ ಸುಂದರಮ್ಮನವರು ಅವನನ್ನು ಕಂಡು ಬಾಯ್ತುಂಬ ನಕ್ಕರು. ತಾಂಬೂಲದ ತಟ್ಟೆಯಿಂದ ಎರಡು ಎಲೆ, ಒಂದು ಅಡಿಕೆ ತೆಗೆದು ಅವನ ಕೈಗಿಟ್ಟರು.

"ತಗೊಳ್ಳಪ್ಪ. ಎಷ್ಟು ಚೆನ್ನಾಗಿ ಕೂಡಿಬಂತು ನೋಡು! ನಾಳೇನೂ ಹೀಗೇ ಮಾಡೋಣ. ನನ್ನ ಹೆಸರು ಕಿವಿಗೆ ಬಿತ್ತೋ, ಎತ್ಕೊಂಡ್ಬಿಡ್ತೀನಿ."